ಮೂಲೆಯ ಹಿಡಿ

ಯುರೇನಸ್ಸಿಗೆ ಹೋಗಬೇಕಾಗಿದ್ದದ್ದು ನನ್ನ ಕಣ್ಣು. ಹೋದದ್ದು ಮೇರಿಯ ಕಣ್ಣು.

ಇಷ್ಟನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳದೆ ಇಪ್ಪತ್ತು ವರ್ಷ ಕಳೆದೆ. ಅಷ್ಟೂ ವರ್ಷ, ಒಂದೇ ಒಂದು ವರ್ಷ ಬಿಟ್ಟು, ಅವಳು ಕ್ರಿಸ್‌ಮಸ್ಸಿಗೆ ನನಗೊಂದು ಡಬ್ಬಿ ಕಲ್‌ಕಲ್ ಎಂಬ ಕರಿದ ಸಿಹಿತಿಂಡಿ ಕೊಟ್ಟು ಕಳಿಸಿದ್ದಾಳೆ. ನಾನು ಪ್ರತಿ ಸಲವೂ ಒಂದನ್ನು ಬಾಯಿಗೆ ಹಾಕಿಕೊಂಡು, ಇಷ್ಟು ಗರಿಗರಿಯಾಗಿ ನನಗೇಕೆ ಬರುವುದಿಲ್ಲ ಎಂದು ಹೊಟ್ಟೆಯುರಿದುಕೊಂಡಿದ್ದೇನೆ.

ಕಣ್ಣು ಹೋಗುವುದೆಂದರೆ ಏನು ಎಂದು ಮೊದಲು ಹೇಳುತ್ತೇನೆ.

ಯುರೇನಸ್ಸು ಮಗ್ಗುಲಾಗಿ ಮಲಗಿದ ಗ್ರಹ. ಅದರ ಸುತ್ತ ತೆಳ್ಳಗಿನ, ಕಪ್ಪು ಉಂಗುರಗಳಿವೆ. ಆ ಉಂಗುರಗಳಲ್ಲಿಯೂ ಅದರ ಚಂದ್ರರ ಹಾದಿಯಲ್ಲಿಯೂ ಧೂಳು ತೇಲುತ್ತಿರುತ್ತದೆ. ಆ ಧೂಳಿನ ಒಂದೊಂದು ಕಣವೂ ತಾನು ಎಲ್ಲಿಂದ ಬಂದೆನೆಂಬುದನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ನಮ್ಮ ನೌಕೆ ನೀಲಯಾನದಲ್ಲಿ ಅಂಗೈಯಗಲದ ಒಂದು ಚಿನ್ನದ ತಟ್ಟೆ ಇತ್ತು. ಕಣ ಬಂದು ತಟ್ಟೆಗೆ ಬಡಿದರೆ ಆ ವೇಗಕ್ಕೆ ಆವಿಯಾಗಿ ಸಿಡಿಯುತ್ತದೆ. ಸಿಡಿದ ಪರಮಾಣುಗಳಲ್ಲಿ ವಿದ್ಯುತ್ತು ಹೊತ್ತವುಗಳನ್ನು ಒಂದು ಪುಟ್ಟ ಓಟದ ಹಾದಿಗೆ ಬಿಡುತ್ತೇವೆ. ಹಗುರವಾದದ್ದು ಮೊದಲು ಗುರಿ ಮುಟ್ಟುತ್ತದೆ, ಭಾರವಾದದ್ದು ಆಮೇಲೆ. ಯಾವುದು ಎಷ್ಟು ಹೊತ್ತಿಗೆ ಮುಟ್ಟಿತೆಂದು ಬರೆದರೆ ಒಂದು ಗೆರೆ, ಗೆರೆಯ ಮೇಲೆ ಸಾಲಾಗಿ ದಿಬ್ಬಗಳು. ದಿಬ್ಬಗಳನ್ನು ನೋಡಿ ಇದು ಮಂಜು, ಇದು ಉಪ್ಪು, ಇದು ಕಬ್ಬಿಣ ಎಂದು ಹೇಳಬಹುದು.

ತೊಡಕೆಂದರೆ, ದಿನಕ್ಕೆ ಸಾವಿರಾರು ಕಣಗಳು ಬಡಿಯುತ್ತವೆ. ಅಷ್ಟು ದೂರದಿಂದ ಭೂಮಿಗೆ ಕಳಿಸಲಾಗುವುದು ಮುನ್ನೂರರ ಗೆರೆ ಮಾತ್ರ. ಯಾವ ಮುನ್ನೂರು? ಒಂದು ಮಾತು ಅಲ್ಲಿಗೆ ತಲುಪಲು ಎರಡು ಗಂಟೆ ಮೂವತ್ತೆಂಟು ನಿಮಿಷ ಬೇಕು. ಕೇಳಿ ಕೇಳಿ ಆರಿಸುವುದು ಆಗದ ಕೆಲಸ. ಹಾಗಾದರೆ ಒಬ್ಬರ ಕಣ್ಣಿನ ವಿವೇಚನೆಯನ್ನೇ ಯಂತ್ರಕ್ಕೆ ಕಲಿಸಿ ನೌಕೆಯ ಜೊತೆ ಕಳಿಸಿಬಿಟ್ಟರೆ?

ಆ ಪ್ರಶ್ನೆಯಿಂದ ಹುಟ್ಟಿದ್ದು ನಮ್ಮ ಮೊರ. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು, ನಾವು ಮಾತ್ರ ಮೊರ ಎಂದೇ ಕರೆಯುತ್ತಿದ್ದೆವು. ಅದು ಕಣಗಳನ್ನು ನಾಲ್ಕು ಗುಂಪು ಮಾಡುತ್ತಿತ್ತು: ಕಾಳು, ನುಚ್ಚು, ಹೊಟ್ಟು, ಮನೆಧೂಳು. ಕಾಳನ್ನು ಕಳಿಸು, ಜಾಗವಿದ್ದರೆ ನುಚ್ಚನ್ನೂ ಕಳಿಸು, ಹೊಟ್ಟನ್ನು ಎಣಿಸಿ ಬಿಡು. ಮನೆಧೂಳೆಂದರೆ ನಮ್ಮದೇ ತಟ್ಟೆಗೆ ಮೊದಲೇ ಅಂಟಿಕೊಂಡಿರುವ ಕೊಳೆ. ಅದನ್ನೂ ಎಣಿಸಿ ಬಿಡು.

ನಮ್ಮ ಪ್ರಯೋಗಾಲಯ ಇದ್ದದ್ದು ಕೆಜಿಎಫ್‌ನಲ್ಲಿ, ಮುಚ್ಚಿದ ಗಣಿಯೊಂದರ ಹಳೆಯ ಎಂಜಿನ್ ಮನೆಯಲ್ಲಿ. ಊರವರು ಅದನ್ನು ಧೂಳಾಫೀಸು ಎನ್ನುತ್ತಿದ್ದರು. ಧೂಳಿಗೆ ಆ ಊರಿನಲ್ಲಿ ಬರವೇ? ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟನ್ನು ನೂರು ವರ್ಷ ಸುರಿದು ಸುರಿದು ಎದ್ದ ಸೈನೈಡ್ ದಿಬ್ಬಗಳು ಅಲ್ಲಿ ಬೆಟ್ಟದಂತೆ ನಿಂತಿವೆ. ಆಷಾಢದ ಗಾಳಿ ಬೀಸಿದರೆ ಇಡೀ ಊರಿಗೆ ಬಿಳಿ ಪುಡಿ ಬಳಿಯುತ್ತದೆ.

ಮೊರಕ್ಕೆ ಕಲಿಸಲು ಇಬ್ಬರು ಹೆಂಗಸರನ್ನು ಹಚ್ಚಿದರು. ನಾನು ಮಂದಾಕಿನಿ, ನಲವತ್ತೆಂಟು ವರ್ಷ, ಭೌತಶಾಸ್ತ್ರದ ಎಂಎಸ್ಸಿ, ಅದೂ ರ‍್ಯಾಂಕು. ಇನ್ನೊಬ್ಬಳು ಅರುಳ್ ಮೇರಿ, ನನಗಿಂತ ನಾಲ್ಕು ವರ್ಷ ಚಿಕ್ಕವಳು, ಡಿಪ್ಲೊಮಾ ಓದಿದ ಟೆಕ್ನಿಷಿಯನ್, ಗಣಿ ಕಾರ್ಮಿಕರೊಬ್ಬರ ಮಗಳು. ಮೂರು ತಿಂಗಳು ಇಬ್ಬರೂ ಒಂದೇ ಗೆರೆಗಳನ್ನು ನೋಡಿ ಗುಂಪು ಮಾಡಿದೆವು. ನಮಗೆ ತಿಳಿಸದೆ ಅವುಗಳ ನಡುವೆ ನೋಡಿದ್ದನ್ನೇ ಮತ್ತೆ ಮತ್ತೆ ಸೇರಿಸಿದ್ದರು. ಮೇರಿ ಒಂದು ಗೆರೆಯನ್ನು ಸೋಮವಾರ ನುಚ್ಚು ಎಂದಿದ್ದರೆ ಮುಂದಿನ ತಿಂಗಳೂ ಅದು ನುಚ್ಚೇ. ನನ್ನದು ಹಾಗಿರಲಿಲ್ಲ. ಮೊರಕ್ಕೆ ಅವಳ ಕಣ್ಣನ್ನೇ ಆರಿಸಿದರು.

"ಮಂದಾಕಿನಿ, ತಿಳಿವಳಿಕೆ ನಿಮ್ದೇ ಜಾಸ್ತಿ" ಎಂದರು ಆಗಿನ ನಿರ್ದೇಶಕರು, ಎಲ್ಲರ ಮುಂದೆ. "ಆದ್ರೆ ನಿಮ್ಮ ಕೈ ಊಟಕ್ಕೆ ಮುಂಚೆ ಒಂದು ಹೇಳತ್ತೆ, ಊಟ ಆದ್ಮೇಲೆ ಇನ್ನೊಂದು ಹೇಳತ್ತೆ."

ಎಲ್ಲರೂ ನಕ್ಕರು. ಮೇರಿ ನಗಲಿಲ್ಲ. ಎದ್ದು ಹೋಗಿ ಒಂದು ಲೋಟ ಟೀ ತಂದು ನನ್ನ ಮುಂದಿಟ್ಟಳು. ನಾನು ಅದನ್ನು ಮುಟ್ಟಲಿಲ್ಲ. ಅದು ಕೆನೆಗಟ್ಟುವುದನ್ನೇ ನೋಡುತ್ತಾ ಕುಳಿತಿದ್ದೆ.

ಮೊರ ಎಂಬ ಹೆಸರು ಹುಟ್ಟಿದ್ದು ನಮ್ಮ ಮನೆಯ ಹಿತ್ತಿಲಲ್ಲಿ. ನಾನಾಗ ಬಂಗಾರಪೇಟೆಯಲ್ಲಿ ಅಮ್ಮನ ಜೊತೆಗಿದ್ದೆ. ಒಂದು ಭಾನುವಾರ ಮೇರಿ ಬಂದಳು. ಅಮ್ಮ ರಾಗಿ ಕೇರುತ್ತಿದ್ದಳು. ಮೇರಿ ಚಪ್ಪಲಿ ಬಿಟ್ಟು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಳು.

"ಅಮ್ಮಾ, ನನಗೂ ಹೇಳ್ಕೊಡಿ."

"ಎತ್ತಿ ಎಸೀಬಾರ್ದು ಕಣಮ್ಮ. ಮೊರ ತನ್ನಷ್ಟಕ್ಕೆ ತಾನು ತೂಗ್ಬೇಕು. ಹಾಂ, ಹಂಗೆ. ನೋಡೇ ಮಂದಾ, ಒಂದೇ ದಿನಕ್ಕೆ ಕಲ್ತ್‌ಬಿಟ್ಳು. ನೀನು ಕೇರಿದ್ರೆ ಹೊಟ್ಟು ಉಳೀತದೆ, ರಾಗಿ ಹಾರೋಯ್ತದೆ."

"ನಾನು ಎಂಎಸ್ಸಿ ಓದಿದ್ದು ಕೇರೋದಕ್ಕಲ್ಲಮ್ಮ."

"ನೀನು ಓದಿದೀಯಾಂತ ರಾಗಿ ತಾನಾಗೇ ಹಸನಾಗ್ತದಾ?"

ಮೇರಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ಹೊಟ್ಟಿನ ರಾಶಿ ಗುಡಿಸಲು ಹೋದಾಗ ಅಮ್ಮ ಅವಳ ಕೈ ಹಿಡಿದು ತಡೆದಳು. "ಎಲ್ಲಾ ಒಂದೇ ಸಲ ತಿಪ್ಪೆಗೆ ಹಾಕ್ಬಾರ್ದು. ಒಂದು ಹಿಡಿ ಮೂಲೇಲಿಡು. ನಾಳೆ ಬೆಳಕಲ್ಲಿ ನೋಡು. ಅದ್ರಲ್ಲಿ ಕಾಳು ಸಿಕ್ರೆ ನಿನ್ ಕೈ ತಪ್ಪಿದೆ ಅಂತ."

ಹುಟ್ಟಿದಂದಿನಿಂದ ಕೇಳಿದ ಮಾತು. ನಾನು ಕಿವಿಗೆ ಹಾಕಿಕೊಳ್ಳದೆ ಮುದ್ದೆಗೆ ಎಸರಿಡಲು ಒಳಗೆ ಹೋದೆ. ಸ್ವಂತ ಮಗಳ ಕೈಯನ್ನು ಒಂದು ದಿನವೂ ಹೊಗಳದ ಅಮ್ಮ, ಆ ಸಂಜೆ ಮೇರಿಗೆ ಒಂದು ಚಿಕ್ಕ ಮೊರವನ್ನೇ ಕೊಟ್ಟು ಕಳಿಸಿದಳು.

ದಿನವೂ ನಾನು ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು, ದಿಬ್ಬದ ಬುಡದ ಅಡ್ಡದಾರಿಯಲ್ಲಿ ನಡೆದು ಧೂಳಾಫೀಸು ಸೇರುತ್ತಿದ್ದೆ. ಬಾಗಿಲಲ್ಲಿ ಮೇರಿ ಒಂದು ಬೇಸಿನ್ನಿನಲ್ಲಿ ನೀರಿಟ್ಟುಕೊಂಡು ಕಾಯುತ್ತಿದ್ದಳು. "ಕಾಲು ತೊಳ್ಕೊಳ್ಳಿ ಅಕ್ಕಾ, ತಂಪಾಗಿರತ್ತೆ" ಎನ್ನುವಳು. ನನ್ನ ಚೀಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಳು. ಸೀರೆಯ ಅಂಚನ್ನು ಕೊಡವುವಳು. ನನಗೆ ಇದು ನಾಟಕವೆನ್ನಿಸುತ್ತಿತ್ತು. ಗೆದ್ದವಳು ಸೋತವಳ ಕಾಲಿಗೆ ನೀರು ಕೊಟ್ಟರೆ ನೋಡಿದವರು ಯಾರನ್ನು ಮೆಚ್ಚುತ್ತಾರೆ ಹೇಳಿ.

ಆ ವರ್ಷದ ಜುಲೈನಲ್ಲಿ ತರಬೇತಿಯ ತಟ್ಟೆಯಲ್ಲಿ, ಅಂದರೆ ಬಗೆಬಗೆಯ ಪುಡಿಗಳನ್ನು ಇಲ್ಲೇ ಹಾರಿಸಿ ಹೊಡೆದು ಗೆರೆ ತೆಗೆಯುತ್ತಿದ್ದ ತಟ್ಟೆಯಲ್ಲಿ, ಕೊಳೆ ಕಾಣಿಸಿಕೊಂಡಿತು. ಏನನ್ನು ಹಾರಿಸಿ ಹೊಡೆದರೂ ಗೆರೆಯಲ್ಲಿ ಸಿಲಿಕಾನಿನ ದಿಬ್ಬ ಏಳತೊಡಗಿತು. ಸಿಲಿಕಾನಿರುವುದು ಸಿಲಿಕಾದಲ್ಲಿ, ಅಂದರೆ ಮರಳು, ಬಿಳಿಕಲ್ಲು, ನಮ್ಮೂರ ಗಣಿಯ ಹಿಟ್ಟಿನಲ್ಲಿ. ಕ್ಲೀನ್ ರೂಮಿನೊಳಕ್ಕೆ ಅದನ್ನು ತಂದವರು ಯಾರು ಎಂದು ಮೀಟಿಂಗ್ ಕರೆದರು. ಒಳಗೆ ಹೋಗುತ್ತಿದ್ದವರು ನಾವಿಬ್ಬರೇ.

ನಾನು ಸಮಾಧಾನದ ದನಿಯಲ್ಲಿ, ಯಾರ ಮೇಲೂ ದೂರು ಹೇಳದವಳಂತೆ ಹೇಳಿದೆ: "ಮೇರಿ ಮನೆ ದಿಬ್ಬದ ಬುಡದಲ್ಲೇ ಇದೆ, ಪಾಪ. ಅವಳಾದ್ರೂ ಏನು ಮಾಡ್ತಾಳೆ? ಆ ಧೂಳು ತಲೆಗೂದಲಲ್ಲೇ ಕೂತಿರತ್ತೆ."

ಮೇರಿ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿಕೊಂಡು ಎದ್ದಳು. ಅವಳ ಅಪ್ಪ ತೀರಿಕೊಂಡು ಆಗಿನ್ನೂ ತಿಂಗಳಾಗಿರಲಿಲ್ಲ. ಅದೇ ಧೂಳು ಶ್ವಾಸಕೋಶದಲ್ಲಿ ಕೂತು ತೀರಿಕೊಂಡವರು.

ಅಂದಿನಿಂದ ಅವಳು ದಿನಕ್ಕೆರಡು ಸಲ ತಲೆಗೆ ಸ್ನಾನ ಮಾಡತೊಡಗಿದಳು. ಸಿಲಿಕಾನಿನ ದಿಬ್ಬವಿರುವ ಪುಟ್ಟ ಪುಟ್ಟ ಗೆರೆಗಳನ್ನೆಲ್ಲ ಮೊರಕ್ಕೆ ಮನೆಧೂಳೆಂದು ಕಲಿಸಿದಳು. ಮೊರಕ್ಕೆ ತೋರಿಸಬೇಕಾಗಿದ್ದ ಶುದ್ಧ ಸಿಲಿಕಾ ಪುಡಿಯ ಸರದಿ ಕೊನೆಯಲ್ಲಿತ್ತು. ಉಡಾವಣೆಯನ್ನು ನಿಗದಿಗಿಂತ ಮೊದಲೇ ಮಾಡಬೇಕಾಗಿ ಬಂದು ಅವಸರವಾಯಿತು. ದಪ್ಪ ಕಣಗಳನ್ನು ಮಾತ್ರ ಹಾರಿಸಿ ನೋಡಿದೆವು. ಮೊರ ಅವನ್ನು ಸರಿಯಾಗಿ ಕಾಳಿಗೆ ಹಾಕಿತು. ಸಾಕೆಂದು ಬಿಟ್ಟೆವು.

ಆ ಡಿಸೆಂಬರಿನಲ್ಲಿ ಅಮ್ಮ ಬಿದ್ದು ಸೊಂಟ ಮುರಿದುಕೊಂಡಳು. ನಾನು ಎರಡು ತಿಂಗಳು ರಜೆ ಹಾಕಿದೆ. ಕಲ್‌ಕಲ್ ಡಬ್ಬಿ ಬಾರದ ಕ್ರಿಸ್‌ಮಸ್ ಅದೇ. ಹಾರುವ ನೌಕೆಗೆ ಹೊಸ ಚಿನ್ನದ ತಟ್ಟೆಯನ್ನು ಮೇರಿ ಒಬ್ಬಳೇ ಕೂರಿಸಿದಳು.

ನೌಕೆ ಹದಿನಾಲ್ಕು ವರ್ಷ ಹೋಗುತ್ತಲೇ ಇತ್ತು. ಅಮ್ಮ ಹೋದಳು. ನಾನು ನಿವೃತ್ತಳಾಗಿ ಕೆಜಿಎಫ್‌ನಲ್ಲೇ ಮನೆ ಮಾಡಿದೆ. ನೌಕೆ ಯುರೇನಸ್ ತಲುಪಿ ಮೊದಲ ಮುನ್ನೂರು ಗೆರೆ ಕಳಿಸಿದ ದಿನ ಪತ್ರಿಕೆಗಳಲ್ಲಿ ಮೇರಿಯ ಚಿತ್ರ ಬಂತು. ಶಾಲೆಗಳಲ್ಲಿ ಮಕ್ಕಳು 'ಮೇರಿಯ ಮೊರ' ಎಂದು ಚಾರ್ಟ್ ಬರೆದರು. ತರಕಾರಿ ಅಂಗಡಿಯವನು ನನಗೆ ಚಿಲ್ಲರೆ ಕೊಡುತ್ತಾ, "ನೀವೂ ಮೇರಿ ಮೇಡಂ ಆಫೀಸಲ್ಲೇ ಇದ್ರಂತೆ ಅಲ್ವಾ?" ಎಂದ. ಹೂಂ ಎಂದು ತಲೆಯಾಡಿಸಿ ಬಂದೆ. ಅವತ್ತು ಕೊಂಡ ಬದನೆಕಾಯಿ ಹಾಗೇ ಬಾಡಿಹೋಯಿತು.

ನೌಕೆ ಹೋದದ್ದು ಮುಖ್ಯವಾಗಿ ಒಂದು ಪ್ರಶ್ನೆಗೆ. ಏರಿಯಲ್ ಎಂಬ ಮಂಜಿನ ಚಂದ್ರನೊಳಗೆ ನೀರಿನ ಸಮುದ್ರವಿದ್ದು, ಅದರ ತಳದಲ್ಲಿ ಬಿಸಿನೀರಿನ ಊಟೆಗಳಿದ್ದರೆ, ಸಿಲಿಕಾದ ಅತಿ ಸಣ್ಣ ಕಣಗಳು ಬಿರುಕುಗಳಿಂದ ಚಿಮ್ಮಿ ಅದರ ಹಾದಿಯಲ್ಲಿ ಸಿಗಬೇಕು. ಬಿಸಿ ಇದ್ದಲ್ಲಿ ಜೀವಕ್ಕೆ ಒಂದು ದಾರಿ. ನಾಲ್ಕು ವರ್ಷ ಹುಡುಕಿದರೂ ಸಿಲಿಕಾದ ಒಂದು ಕಣವೂ ಬರಲಿಲ್ಲ.

ಈ ಮಾರ್ಚಿನಲ್ಲಿ ಈಗಿನ ನಿರ್ದೇಶಕ ಯಶೋಧರ ಫೋನು ಮಾಡಿದ. "ಮೇಡಂ, ನೌಕೇಲಿ ಇಂಧನ ಮುಗೀತಾ ಬಂತು. ಇನ್ನು ಹನ್ನೊಂದು ದಿನಕ್ಕೆ ಯುರೇನಸ್ಸಿನ ಮೋಡದೊಳಕ್ಕೆ ಬಿಡ್ತೀವಿ. ಏರಿಯಲ್ ತಣ್ಣಗೆ ಸತ್ತಿದೆ ಅಂತ ಸೋಮವಾರ ಪ್ರಕಟಣೆ ಕೊಡಬೇಕು. ಅದಕ್ಕೆ ಮುಂಚೆ ಹಳೇ ತರಬೇತಿ ಲಾಗ್ ಒಮ್ಮೆ ನೋಡಿಕೊಡ್ತೀರಾ? ಮನೆಧೂಳಿನ ಲೆಕ್ಕ ನಲವತ್ತೊಂದು ಲಕ್ಷ ಇದೆ. ಏರಿಯಲ್ ಹತ್ರ ಹೋದಾಗೆಲ್ಲ ಏರತ್ತೆ."

"ಅಷ್ಟೊಂದಾ? ನಿಮ್ಮ ಹುಡುಗರು ಏನಂತಾರೆ?"

"ತಟ್ಟೇನೇ ಕೊಳೆ ಅಂತಾರೆ. ಏಟು ಜಾಸ್ತಿ ಬಿದ್ದಲ್ಲಿ ಕೊಳೇನೂ ಜಾಸ್ತಿ ಏಳತ್ತೆ ಅಂತ. ತಟ್ಟೆ ಕೂರಿಸಿದ ಮೇರಿ ಮೇಡಂ ಮನೆ ದಿಬ್ಬದ ಹತ್ರ ಇತ್ತಲ್ಲ? ನಮ್ಮವರು ಅದನ್ನ ಮೇರಿಧೂಳು ಅಂತಲೇ ಕರೆಯೋದು. ತಮಾಷೆಗೆ."

ಇಪ್ಪತ್ತು ವರ್ಷದ ಹಿಂದೆ ನಾನಾಡಿದ ಮಾತು ಕಂಪ್ಯೂಟರ್ ಪರದೆಯ ಮೇಲೆ ಒಂದು ಹೆಸರಾಗಿ ಕುಳಿತಿತ್ತು. ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಂತೋಷ. ಕೊನೆಗೂ ಅವಳ ಕೈ ತಪ್ಪಿದೆ! ಆ ಖುಷಿಯಲ್ಲಿಯೇ ಧೂಳಾಫೀಸಿಗೆ ಹೋಗಿ ಲಾಗ್ ಪುಸ್ತಕಗಳನ್ನೂ ಆ ವರ್ಷದ ಹಾಜರಿ ಪುಸ್ತಕವನ್ನೂ ತಂದೆ. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಕೈಯಲ್ಲಿ ಕೆಂಪು ಪೆನ್ಸಿಲು ಹಿಡಿದು, ಮೇರಿಯ ತಪ್ಪನ್ನು ದಿನದಿನಕ್ಕೂ ಗುರುತು ಹಾಕಲು ಕುಳಿತೆ.

ಮೀಟಿಂಗಿನಲ್ಲಿ ನಾವು ನೋಡಿದ್ದು ತಿಂಗಳ ಒಟ್ಟು ಲೆಕ್ಕ. ದಿನದ ಲೆಕ್ಕವನ್ನು ಅಂದು ಯಾರೂ ತೆಗೆದಿರಲಿಲ್ಲ. ಜುಲೈ ಏಳರಿಂದ ಸಿಲಿಕಾನು ಮೂರು ಪಟ್ಟು. ಹಾಕಿದೆ ಕೆಂಪು ಗುರುತು. ಇಪ್ಪತ್ತೆಂಟಕ್ಕೆ ಥಟ್ಟನೆ ಇಳಿದಿದೆ. ಆ ದಿನಗಳಲ್ಲಿ ಮೇರಿ ಏನು ಮಾಡಿದಳೆಂದು ತಿಳಿಯಲು ಹಾಜರಿ ಪುಸ್ತಕ ತೆರೆದೆ. ಏಳರಿಂದ ಇಪ್ಪತ್ತೇಳರವರೆಗೆ ಅವಳ ಹೆಸರಿನ ಮುಂದೆ ರಜೆ ಎಂದಿತ್ತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ, ಮಣ್ಣು ಮಾಡಿ, ಬಂದ ದಿನ ಇಪ್ಪತ್ತೆಂಟು.

ಪೆನ್ಸಿಲು ಕೆಳಗಿಟ್ಟು ಹಿಂದಿನ ತಿಂಗಳುಗಳ ಹಾಳೆ ತಿರುವಿದೆ. ಗುಡ್ ಫ್ರೈಡೆಯ ಹಿಂದುಮುಂದಿನ ಮೂರು ದಿನ, ಅವಳಿಗೆ ಹಲ್ಲುನೋವೆಂದು ಬಾರದಿದ್ದ ಒಂದು ಬುಧವಾರ. ಅವಳಿಲ್ಲದ ದಿನಗಳಲ್ಲೆಲ್ಲ ಸಿಲಿಕಾನಿನ ದಿಬ್ಬ ಎದ್ದಿದೆ. ಬಂದ ದಿನವೇ ಮಲಗಿದೆ. ಅವಳಿಲ್ಲದ ದಿನ ಬಾಗಿಲಲ್ಲಿ ಬೇಸಿನ್ನಿರುತ್ತಿರಲಿಲ್ಲ. ನಾನು ಅಡ್ಡದಾರಿಯ ಬಿಳಿಹಿಟ್ಟನ್ನು ಕಾಲಿಗೂ ಸೀರೆಯಂಚಿಗೂ ಮೆತ್ತಿಕೊಂಡು, ಅದರ ಮೇಲೆಯೇ ಕ್ಲೀನ್ ರೂಮಿನ ಬಟ್ಟೆ ಹಾಕಿಕೊಂಡು, ನೇರವಾಗಿ ಒಳಗೆ ಹೋಗುತ್ತಿದ್ದೆ.

ಧೂಳು ನನ್ನದು. ಅದನ್ನು ಒರೆಸುತ್ತಿದ್ದವಳು ಮೇರಿ.

ಒಂದು ಇಡೀ ದಿನ ಪುಸ್ತಕ ಮುಚ್ಚಿಟ್ಟು ಸುಮ್ಮನಿದ್ದೆ. ಹೇಳದಿದ್ದರೆ ಏನಾಗುತ್ತದೆ? ಅರವತ್ತೆಂಟು ವರ್ಷದ ಮುದುಕಿಯ ಮರ್ಯಾದೆ ಉಳಿಯುತ್ತದೆ. ಮೇರಿಯ ಹೆಸರು ತಮಾಷೆಯಾಗಿ ಉಳಿಯುತ್ತದೆ. ಎಲ್ಲೋ ಒಂದು ಚಂದ್ರ ಸತ್ತಿದೆಯೆಂದು ಸೋಮವಾರ ಬರೆಯುತ್ತಾರೆ. ಅದು ಬದುಕಿದ್ದರೆ? ಮೊರ ನಾಲ್ಕು ವರ್ಷ ಎಸೆದದ್ದು ನಮ್ಮ ಕೊಳೆಯಲ್ಲ, ಅದರ ಉಸಿರಾಗಿದ್ದರೆ?

ಮರುದಿನ ಬೆಳಿಗ್ಗೆ ಮೇರಿಯ ಮನೆಗೆ ಹೋದೆ. ಕಾರ್ಮಿಕರ ಸಾಲುಮನೆಗಳಲ್ಲಿ ಕೊನೆಯದು, ಹಿಂದೆ ಬಿಳಿಯ ದಿಬ್ಬ. ಬಾಗಿಲಲ್ಲಿ ಬೇಸಿನ್ನು, ನೀರು. ಮೇರಿ ಹುರುಳಿಕಾಯಿ ಬಿಡಿಸುತ್ತಾ ಕುಳಿತಿದ್ದಳು.

"ಬನ್ನಿ ಅಕ್ಕಾ. ಕಾಲು ತೊಳ್ಕೊಳ್ಳಿ, ತಂಪಾಗಿರತ್ತೆ."

ನಾನು ಕಾಲು ತೊಳೆಯಲಿಲ್ಲ. ಹೊಸ್ತಿಲಾಚೆಯೇ ನಿಂತು, ಪುಸ್ತಕ ತೆರೆದು, ದಿನಾಂಕಗಳನ್ನು ಒಂದೊಂದಾಗಿ ಓದಿದೆ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಅಕ್ಕಾ" ಎಂದಳು.

"ಯಾವಾಗಿಂದ?"

"ಅಪ್ಪನ್ನ ಮಣ್ಣು ಮಾಡಿ ಬಂದ ದಿನದಿಂದ. ಬೇಸಿನ್ ಒಣಗಿತ್ತಲ್ಲ, ತಳದಲ್ಲಿ ಜೇಡ ಬಲೆ ಕಟ್ಟಿತ್ತು."

"ಮತ್ತೆ ಮೀಟಿಂಗಲ್ಲಿ ಯಾಕೆ ಸುಮ್ಮನಿದ್ದೆ?"

"ಹೇಳಿದ್ರೆ ನಿಮ್ಮನ್ನ ಕ್ಲೀನ್ ರೂಮಿಂದ ತೆಗೀತಿದ್ರು. ಆಮೇಲೆ ನಿಮ್ಮಮ್ಮನ ಮುಖ ನಾನು ಹೆಂಗೆ ನೋಡ್ಲಿ?" ಇನ್ನೊಂದು ಕಾಯಿ ಎತ್ತಿಕೊಂಡು ಹೇಳಿದಳು. "ಕೋಪ ಬರ್ಲಿಲ್ಲ ಅಂತ ತಿಳ್ಕೋಬೇಡಿ. ಆ ವರ್ಷ ಕಲ್‌ಕಲ್ ಮಾಡ್ದೆ, ನಿಮ್ಮ ಡಬ್ಬೀನೂ ತುಂಬ್ಸ್ದೆ. ಆಮೇಲೆ ಅಷ್ಟನ್ನೂ ನಾನೇ ತಿಂದೆ. ಹೊಟ್ಟೆ ಕೆಟ್ಟು ಎರಡು ದಿನ ಮಲಗಿದ್ದೆ."

ನನಗೆ ಅಳುವಿನ ಜೊತೆ ನಗು ಬಂತು.

"ಇಷ್ಟಕ್ಕೂ ನನಗೂ ಹೊಟ್ಟೆಕಿಚ್ಚಿತ್ತು ಅಕ್ಕಾ. ನನ್ನ ತಾಯಿ ನನ್ನ ಹೆತ್ತಾಗ್ಲೇ ಹೋದ್ಳು. ನಿಮಗೆ ಬಯ್ಯೋಕೆ ಅಂತ ಒಬ್ಳು ಮನೇಲಿದ್ಳು."

ಹೊಸ್ತಿಲ ಮೇಲೆ ಕುಳಿತುಕೊಂಡೆ. "ಆದದ್ದಾಯ್ತು ಮೇರಿ. ಮೊರ ಎಸೆದದ್ದೆಲ್ಲ ಹೋಯ್ತು. ಈಗ ಹೇಳಿ ಏನು ಪ್ರಯೋಜನ?"

ಮೇರಿ ಮೊದಲ ಸಲ ಕೈ ನಿಲ್ಲಿಸಿದಳು. "ಎಲ್ಲಾ ಎಲ್ಲಿ ಹೋಯ್ತು? ಮೂಲೇಲಿ ಒಂದು ಹಿಡಿ ಇದ್ಯಲ್ಲ."

"ಯಾವ ಮೂಲೆ?"

"ಅಯ್ಯೋ, ನಿಮ್ಮಮ್ಮ ಹೇಳಿದ್ದು ಮರ್ತ್‌ಬಿಟ್ರಾ? ಎಲ್ಲಾ ಒಂದೇ ಸಲ ತಿಪ್ಪೆಗೆ ಹಾಕ್ಬಾರ್ದು. ಹತ್ತು ಸಾವಿರ ಮನೆಧೂಳಿಗೆ ಒಂದನ್ನ ಎಸೀದೆ ನೆನಪಿನ ಮೂಲೇಲಿ ಎತ್ತಿಡು ಅಂತ ಮೊರಕ್ಕೆ ಕಲಿಸಿದೀನಿ. ಕೈಪಿಡಿ ಕೊನೇಲಿ ಒಂದು ಸಾಲು ಬರ್ದಿದೀನಿ. ಯಾರೂ ಕೇಳ್ಲಿಲ್ಲ, ಅದು ಕಳಿಸ್ಲಿಲ್ಲ. ಕೇಳಿದ್ರೆ ಕಳಿಸತ್ತೆ."

ನನ್ನ ಅಮ್ಮ. ನಮ್ಮ ಹಿತ್ತಿಲು. ನಾನು ಕಿವಿಗೆ ಹಾಕಿಕೊಳ್ಳದೆ ಒಳಗೆದ್ದು ಹೋದ ಮಾತು. ಅದನ್ನು ಮುನ್ನೂರು ಕೋಟಿ ಕಿಲೋಮೀಟರ್ ಆಚೆಗೆ ತಲುಪಿಸಿದವಳು ಇವಳು. ಆ ಹೊಸ್ತಿಲ ಮೇಲೆ ಕುಳಿತು, ಕಣ್ಣಲ್ಲಿ ನೀರಿಟ್ಟುಕೊಂಡು, ನಾನು ಮತ್ತೆ ಹೊಟ್ಟೆಕಿಚ್ಚುಪಟ್ಟೆ.

ಅವತ್ತೇ ಮಧ್ಯಾಹ್ನ ಇಬ್ಬರೂ ಧೂಳಾಫೀಸಿನ ನಿಯಂತ್ರಣ ಕೊಠಡಿಗೆ ಹೋದೆವು. ಯಶೋಧರ ತನ್ನ ಕುರ್ಚಿಯನ್ನು ಮೇರಿಗೆ ಬಿಟ್ಟುಕೊಟ್ಟು ನಿಂತುಕೊಂಡ. ಮೂಲೆಯ ಹಿಡಿಯ ವಿಷಯ ಕೇಳಿ ಕೈಪಿಡಿ ತೆಗೆಸಿದ. ಕೊನೆಯ ಪುಟದಲ್ಲಿ ಆ ಸಾಲು ನಿಜವಾಗಿಯೂ ಇತ್ತು.

"ನಾನೂರ ಹತ್ತು ಗೆರೆ ಇರಬೇಕು" ಎಂದ. "ತರಿಸಬಹುದು. ಉಳಿದಿರೋ ದಿನಗಳನ್ನೆಲ್ಲ ಉಂಗುರದ ಚಿತ್ರಕ್ಕೆ ಕೊಟ್ಟಿದೀನಿ, ಒಂದೂವರೆ ದಿನ ಕಿತ್ಕೋಬೇಕು. ಆದ್ರೆ ಮೇಡಂ, ತರಿಸಿ ಏನು ಸಾಧಿಸಿದ ಹಾಗಾಯ್ತು? ಅದರಲ್ಲಿ ಸಿಲಿಕಾನ್ ಇದ್ರೂ ಅದು ಏರಿಯಲ್ಲಿಂದ ಬಂದದ್ದೋ, ತಟ್ಟೆಯ ಕೊಳೆಯೋ ಹೇಗೆ ಹೇಳೋದು? ಧೂಳು ತಂದವರೇ ತಟ್ಟೆ ಕೂರಿಸಿದ್ದು. ಕ್ಷಮಿಸಿ, ಮೇರಿ ಮೇಡಂ."

ಮೇರಿ ನನ್ನ ಕಡೆ ನೋಡಿ ತಲೆಯನ್ನು ತುಸುವೇ ಅಲ್ಲಾಡಿಸಿದಳು. ಬೇಡ ಎಂದು. ಆಮೇಲೆ ಅವನಿಗೆ ಹೇಳಿದಳು: "ನನ್ನಿಂದ್ಲೇ ಆಗಿರ್ಬೋದು ಸಾರ್. ಆದ್ರೂ ಒಂದ್ಸಲ ತರಿಸಿ ನೋಡಿ."

ಅವಳು ಅಂದೂ ನನ್ನ ಕಾಲಿನ ಧೂಳನ್ನು ಒರೆಸುತ್ತಿದ್ದಳು. ಆದರೆ ಈ ಸಲ ಅವಳು ಒರೆಸಿದರೆ ಆ ಚಂದ್ರನೂ ಅದರ ಜೊತೆ ಅಳಿಸಿಹೋಗುತ್ತಿತ್ತು. ಧೂಳು ಮೇರಿಯದಾದರೆ ಹಾರಿದ ತಟ್ಟೆ ಕೊಳೆ. ನನ್ನದಾದರೆ ಹಾರಿದ ತಟ್ಟೆ ಶುದ್ಧ. ಏಕೆಂದರೆ ಆ ತಟ್ಟೆಯ ಬಳಿ ನಾನು ಸುಳಿದೇ ಇರಲಿಲ್ಲ.

"ಯಶೋಧರ, ರೆಕಾರ್ಡ್ ಮಾಡ್ಕೋ" ಎಂದೆ. ಕೊಠಡಿಯಲ್ಲಿ ಹತ್ತು ಹನ್ನೆರಡು ಜನ ತರುಣರಿದ್ದರು. ಎಲ್ಲರೂ ತಿರುಗಿದರು. "ತರಬೇತಿ ತಟ್ಟೆಯ ಧೂಳು ನನ್ನ ಕಾಲಿಂದು. ದಿನಾಂಕಗಳು ಇಲ್ಲಿವೆ, ಹಾಜ್ರಿ ಪುಸ್ತಕ ಇಲ್ಲಿದೆ, ನೀವೇ ಹೊಂದಿಸಿ ನೋಡಿ. ಮೇರಿ ಹೆಸರು ಹೇಳಿದ್ದು ನಾನು. ಗೊತ್ತಿದ್ದು ಹೇಳಲಿಲ್ಲ, ಆದ್ರೆ ಅವಳೇ ಆಗಿರಲಿ ಅಂತ ಆಸೆಪಟ್ಟು ಹೇಳಿದೆ. ಹಾರಿದ ತಟ್ಟೆ ಕೂರಿಸಿದ ಡಿಸೆಂಬರಿನಲ್ಲಿ ನಾನು ರಜೆಯಲ್ಲಿದ್ದೆ. ಅವತ್ತಿನ ಪರೀಕ್ಷೆಯ ಹಾಳೇನೂ ಈ ಲಾಗಲ್ಲೇ ಇದೆ, ಯಾರೂ ತೆಗೆದು ನೋಡಿಲ್ಲ. ಸಿಲಿಕಾನ್ ಎಷ್ಟು ಬಂದಿದೆ, ಓದು."

ಯಶೋಧರ ಹಾಳೆ ತಿರುವಿದ. "ಸೊನ್ನೆ" ಎಂದ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ತನ್ನ ಪರದೆಯ ಮೇಲಿದ್ದ 'ಮೇರಿಧೂಳು' ಎಂಬ ಹೆಸರನ್ನು ಅಳಿಸಿದಳು. ಆಮೇಲೆ ಒಂದು ಲೋಟ ನೀರು ತಂದು ನನ್ನ ಕೈಗಿಟ್ಟಳು. ಆ ನೀರನ್ನು ನಾನು ಪೂರ್ತಿ ಕುಡಿದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಆಜ್ಞೆ ಹೋಯಿತು: ಮೂಲೆಯಲ್ಲಿರುವುದನ್ನು ಕಳಿಸು. ಮಾತು ಹೋಗಲು ಎರಡು ಗಂಟೆ ಮೂವತ್ತೆಂಟು ನಿಮಿಷ, ಉತ್ತರ ಬರಲು ಮತ್ತೆ ಅಷ್ಟೇ. ಮೇರಿ ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದಳು. ನಾನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದೆ.

"ತಿನ್ನಿ ಅಕ್ಕಾ."

"ಬೇಡ. ಊಟ ಮಾಡಿದ್ರೆ ನನ್ನ ಕೈ ಇನ್ನೊಂದು ಹೇಳತ್ತೆ."

ಒಂದೂಕಾಲು ದಾಟಿದ ಮೇಲೆ ಮೊದಲ ಗೆರೆ ಪರದೆಗೆ ಬಂತು. ನೀರಿನ ದಿಬ್ಬ, ಸೋಡಿಯಂ, ಅದರ ಪಕ್ಕದಲ್ಲಿ ಇಪ್ಪತ್ತೆಂಟರ ತೂಕದ ಜಾಗದಲ್ಲಿ ಸೂಜಿಯಂತೆ ಎದ್ದು ನಿಂತ ಸಿಲಿಕಾನು. ಬರೀ ಕೊಳೆಯಾಗಿದ್ದರೆ ಅದು ಹೀಗೆ ಉಪ್ಪುನೀರಿನ ಜೊತೆಗೂಡಿ ಬರುತ್ತಿರಲಿಲ್ಲ. ಎರಡನೆಯದೂ ಹಾಗೇ. ಮೂರನೆಯದೂ.

ಮೇರಿ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದಳು. ನಾನು ಅವಳ ಹಿಂದೆ ನಿಂತೆ. ಇಬ್ಬರ ಬಾಯಲ್ಲೂ ಒಂದೇ ಸಲಕ್ಕೆ ಬಂತು.

"ಕಾಳು."

ನಾನೂರ ಹತ್ತರಲ್ಲಿ ಮುನ್ನೂರ ತೊಂಬತ್ತಾರು ಕಾಳು. ಇಬ್ಬರೂ ಬೇರೆ ಬೇರೆ ಕುಳಿತು ಗುಂಪು ಮಾಡಿದೆವು, ಒಂದರಲ್ಲೂ ವ್ಯತ್ಯಾಸ ಬರಲಿಲ್ಲ. ನಾನು ಅವತ್ತೂ ಮಾರನೆಯ ದಿನವೂ ಕೆಲಸ ಮುಗಿಯುವವರೆಗೆ ಊಟ ಮಾಡಿರಲಿಲ್ಲ. ಸೋಮವಾರದ ಪ್ರಕಟಣೆಯನ್ನು ಹೊಸದಾಗಿ ಬರೆದರು: ಏರಿಯಲ್ಲಿನ ಸಮುದ್ರದ ತಳದಲ್ಲಿ ಬಿಸಿಯಿದೆ. ಆ ವಾರಾಂತ್ಯಕ್ಕೆ ನೀಲಯಾನ ಹಸಿರುನೀಲಿ ಮೋಡದೊಳಗೆ ಇಳಿದುಹೋಯಿತು. ಮೇರಿಯ ಕಣ್ಣು, ನನ್ನ ಅಮ್ಮನ ಮಾತು, ಎರಡೂ ಅದರಲ್ಲಿದ್ದವು.

ಸಂಶೋಧನಾ ಪ್ರಬಂಧ ಮೇರಿಯ ಹೆಸರಿನಲ್ಲಿ ಬಂತು. ಅದರ ಕೊನೆಯ ಅಡಿಟಿಪ್ಪಣಿ ನನ್ನದು: ತರಬೇತಿಯ ತಟ್ಟೆಯಲ್ಲಿದ್ದ ಸಿಲಿಕಾ ಧೂಳಿನ ಮೂಲ, ಮಂದಾಕಿನಿಯವರ ಪಾದಗಳು.

"ನೋಡಿ ಅಕ್ಕಾ, ನಿಮ್ಮ ಹೆಸ್ರೂ ಬಂತು" ಎಂದು ಮೇರಿ ಫೋನಿನಲ್ಲಿ ನಕ್ಕಳು. ಭಾನುವಾರ ಊಟಕ್ಕೆ ಬಾ ಎಂದೆ.

ಭಾನುವಾರ ಬೇಗ ಎದ್ದು, ಬೇಸಿನ್ನು ತೊಳೆದು, ನೀರು ತುಂಬಿ, ಮಡಿಸಿದ ಬಟ್ಟೆಯೊಂದನ್ನು ಪಕ್ಕದಲ್ಲಿಟ್ಟು ಬಾಗಿಲಲ್ಲಿ ಕಾದೆ. ಇಪ್ಪತ್ತು ವರ್ಷದ ಬಾಕಿ. ಅವಳು ಗೇಟು ತೆಗೆದು ಬಂದಳು, ಬೇಸಿನ್ನು ನೋಡಿದಳು, ಕಾಲು ಮುಂದೆ ಮಾಡಿದಳು. ನಾನು ಬಗ್ಗಿ ನೀರು ಹಾಕಿದೆ.

ನೀರು ಹಾಕಿದ ಹಾಗೇ ತಿಳಿಯಾಗಿ ಇಳಿದುಹೋಯಿತು. ಆ ದಿಬ್ಬದ ಬುಡದಿಂದ ನಡೆದು ಬಂದಿದ್ದರೂ ಅವಳ ಪಾದಕ್ಕೆ ಒಂದು ಕಣ ಧೂಳೂ ಅಂಟಿರಲಿಲ್ಲ.

ನನಗೆ ಹೊಟ್ಟೆ ಉರಿಯಿತು. ಆದರೂ ಎರಡು ಪಾದಗಳನ್ನೂ ಚೆನ್ನಾಗಿ ಒರೆಸಿದೆ.